ಅಂಬಿಗ ಬದುಕಿದ್ದಾನೆ

ಹೊಲಿಗೆ ಅಂಗಡಿಯಲ್ಲಿ ಓರಗಿತ್ತಿಯರಿಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಹಿರಿಯಾಕೆ ಅಳತೆ ತೆಗೆದು ಬಟ್ಟೆ ಕತ್ತರಿಸುವವಳು. ಕಿರಿಯಾಕೆ ಅದನ್ನು ಹೊಲಿದು, ಕಾಜಾ ಮಾಡಿ ಗುಂಡಿ ಹಾಕುವವಳು. ಮೂರು ವರ್ಷದ ಹಿಂದೆ, ಗಿರಾಕಿಗಳ ಎದುರಿಗೇ, "ನೀನು ಹೊಲಿದ ಕಾಲರ್ ಕತ್ತೆ ಕಿವಿ ಇದ್ದ ಹಾಗಿದೆ" ಎಂದುಬಿಟ್ಟಿದ್ದಳು ಹಿರಿಯಾಕೆ. ಅಂದಿನಿಂದ "ಗುಂಡಿ ಕಪ್ಪಾ, ಬಿಳಿಯಾ?" ಎನ್ನುವುದೊಂದು ಬಿಟ್ಟರೆ ಇಬ್ಬರ ನಡುವೆ ಮಾತಿಲ್ಲ. ಕಿರಿಯಾಕೆ ಬೆಳಿಗ್ಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ತೆಗೆಯುವುದು ಬಾಗಿಲು ಹಾಕುವಾಗಲೇ. ತನ್ನ ದನಿ ಕೇಳಬಾರದೆಂದೇ ಈ ಆಟ ಎಂದು ಹಿರಿಯಾಕೆ ಒಳಗೊಳಗೇ ಕುದಿಯುತ್ತಿದ್ದಳು.

ಆ ಸಂಕಟಕ್ಕೆ ಮದ್ದಾಗಿ ಸಿಕ್ಕಿದ್ದು ಮಗಳ ಕಪಾಟಿನ ದಪ್ಪ ದಪ್ಪ ಕಾದಂಬರಿಗಳು. ಡ್ರ್ಯಾಗನ್ನುಗಳು, ಮಂತ್ರದ ಕೋಟೆ, ಸಿಂಹಾಸನ ಕಳೆದುಕೊಂಡ ಕಿರಿರಾಣಿ, ಅವಳನ್ನು ಬೆಂಕಿಯ ನದಿ ದಾಟಿಸುವ ಬಡ ಅಂಬಿಗ. ನಲವತ್ತೆಂಟು ವರ್ಷದ ಹೆಂಗಸು ಆ ಅಂಬಿಗನಿಗೆ ಮನಸೋತಿದ್ದಳು. ಮೂರನೇ ಸಂಪುಟದ ಕೊನೆಗೆ ನದಿಯ ಹಾವು ಅವನನ್ನು ನುಂಗಿದಾಗ, ತಲೆನೋವೆಂದು ಗಂಡನಿಗೆ ಸುಳ್ಳು ಹೇಳಿ ಮುಸುಕು ಹೊದ್ದು ಅತ್ತಿದ್ದಳು.

ಅವತ್ತು ಬಸ್ ಕಂಡಕ್ಟರೊಬ್ಬ ಪ್ಯಾಂಟಿನ ಅಳತೆಗೆ ಬಂದ. ಟೇಪನ್ನು ಅವನ ಸೊಂಟಕ್ಕೆ ಸುತ್ತಿದ ಹಿರಿಯಾಕೆಯ ಕಣ್ಣು, ಮೇಜಿನ ಮೇಲೆ ತೆರೆದಿಟ್ಟಿದ್ದ ಐದನೇ ಸಂಪುಟದ ಮೇಲೆ ಜಾರಿತು. ಒಂದು ಸಾಲು ಓದಿದಳು. ಇನ್ನೊಂದು ಓದಿದಳು.

"ಅಂಬಿಗ ಬದುಕಿದ್ದಾನೆ!" ಎಂದು ಕಿರುಚಿಬಿಟ್ಟಳು.

ಹಿಂದಿನಿಂದ ಗುಂಡಿಯ ಡಬ್ಬಿ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾಯಿತು.

"ಸುಳ್ಳು!" ಕಿರಿಯಾಕೆ ಇಯರ್‌ಫೋನ್ ಕಿತ್ತು ಎದ್ದು ನಿಂತಿದ್ದಳು. "ಹಾವು ನುಂಗಿದ್ದನ್ನ ನಾನೇ ಕಿವಿಯಾರೆ ಕೇಳಿದೀನಿ!"

ಹಿರಿಯಾಕೆಗೆ ಅರ್ಥವಾಗಲು ಗಳಿಗೆ ಹಿಡಿಯಿತು. ಇಷ್ಟು ದಿನ ಆ ಇಯರ್‌ಫೋನಿನಲ್ಲಿ ಓಡುತ್ತಿದ್ದದ್ದು ಇದೇ ಕತೆ!

"ನೀನೂನಾ?"

"ನಾಲ್ಕನೇದು ಇನ್ನೂ ಮುಗಿದಿಲ್ಲ ಅಕ್ಕ, ಹೇಳ್ಬೇಡಿ!" ಎಂದು ಕಿವಿ ಮುಚ್ಚಿಕೊಂಡವಳು ಮರುಕ್ಷಣವೇ ಬೆರಳು ಸಡಿಲಿಸಿದಳು. "ಹೇಳಿ. ಹೇಗೆ ಹೊರಗೆ ಬಂದ?"

"ಹುಟ್ಟು ಅಡ್ಡ ಇಟ್ಟು ಹಾವಿನ ಗಂಟಲಲ್ಲೇ ಕೂತಿದ್ನಂತೆ ಕಣೇ!"

"ಅಯ್ಯೋ, ಹಾಗಾದ್ರೆ ನನ್ನ ಸೇನಾಪತಿ ಗತಿ? ಕಿರಿರಾಣಿ ಅವನನ್ನೇ ಮದುವೆಯಾಗ್ತಾಳೆ ಅಂದ್ಕೊಂಡಿದ್ದೆ."

"ಮೂರು ಊರು ಸುಟ್ಟವನನ್ನಾ?"

"ಸುಟ್ಟು ಅತ್ತನಲ್ಲ! ನಿಮ್ಮ ಅಂಬಿಗನ ಹತ್ರ ಏನಿದೆ? ಒಂದು ತೂತು ದೋಣಿ!"

"ಪಾಪ, ಯಾರಮ್ಮ ಈ ಅಂಬಿಗ? ನಿಮ್ಮ ಸಂಬಂಧಿಕರಾ?" ಸೊಂಟದ ಟೇಪು ಹಿಡಿದುಕೊಂಡೇ ಕೇಳಿದ ಕಂಡಕ್ಟರ್.

ಇಬ್ಬರೂ ಬಿದ್ದು ಬಿದ್ದು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನೆಲದ ಗುಂಡಿಗಳನ್ನು ಒಟ್ಟಿಗೆ ಆರಿಸುವಾಗ ಹಿರಿಯಾಕೆ ತಲೆ ಎತ್ತದೆ ಹೇಳಿದಳು, "ಆ ಕಾಲರ್ ಚೆನ್ನಾಗೇ ಇತ್ತು ಕಣೇ. ನನಗವತ್ತು ಯಾರ ಮೇಲೋ ಸಿಟ್ಟಿತ್ತು, ನಿನ್ನ ಮೇಲೆ ತೀರಿಸಿಕೊಂಡೆ."

"ಗೊತ್ತಿತ್ತು ಬಿಡಿ," ಎಂದಳು ಕಿರಿಯಾಕೆ. ಆದರೆ ಅವಳ ಮೂಗು ಕೆಂಪಾಗಿತ್ತು.

ಹದಿನೈದು ದಿನದಲ್ಲಿ ಇಬ್ಬರೂ ಐದನೆಯದನ್ನು ಮುಗಿಸಿದರು. ಆರನೆಯದು ಬಂದ ದಿನ ಮಧ್ಯಾಹ್ನವೇ ಅಂಗಡಿಗೆ ಬೀಗ ಜಡಿದು ಓಡಿದರು. ಪುಸ್ತಕದಂಗಡಿಯ ಸಾಲಿನಲ್ಲಿ ಕಾಲೇಜು ಹುಡುಗಿಯರ ನಡುವೆ, ಕೊರಳಲ್ಲಿ ಟೇಪು ಜೋತಾಡಿಸಿಕೊಂಡು ನಿಂತ ಇಬ್ಬರು ಹೆಂಗಸರನ್ನು ನೋಡಿ ಒಬ್ಬಳು, "ಆಂಟಿ, ಮಗಳಿಗಾ?" ಎಂದಳು.

"ನಮಗೇ ಕಣಮ್ಮ," ಎಂದಳು ಹಿರಿಯಾಕೆ, ಎದೆಯುಬ್ಬಿಸಿ.

ಮನೆ ತಲುಪುವವರೆಗೆ ತಾಳ್ಮೆ ಯಾರಿಗಿತ್ತು? ಅಲ್ಲೇ ಮೆಟ್ಟಿಲ ಮೇಲೆ ಕೂತು ಕಿರಿಯಾಕೆ ಗಟ್ಟಿಯಾಗಿ ಓದತೊಡಗಿದಳು. ಎರಡನೇ ಅಧ್ಯಾಯಕ್ಕೇ ಕಿರಿರಾಣಿ ಅಂಬಿಗನನ್ನೂ ಸೇನಾಪತಿಯನ್ನೂ ದಡದಲ್ಲೇ ನಿಲ್ಲಿಸಿ, ಡ್ರ್ಯಾಗನ್ ಏರಿ ಒಬ್ಬಳೇ ಹಾರಿಹೋದಳು.

"ಇಬ್ಬರಿಗೂ ಕೈ ಕೊಟ್ಟಳಲ್ಲೇ, ಕಳ್ಳಿ!" ಹಿರಿಯಾಕೆ ತೊಡೆ ತಟ್ಟಿ ಕೂಗಿದಳು. "ಮುಂದೆ ಓದು, ಬೇಗ ಓದು!"