ಟ್ಯಾಂಕಿನ ತಳ

ಸೀಟಿನ ಕೆಳಗೆ ಏನೋ ಪರಪರ ಅನ್ನುತ್ತಿದೆ, ಇಲಿ ಹೊಕ್ಕಿದೆಯೋ ಏನೋ ಅಂದುಕೊಳ್ಳುವಷ್ಟರಲ್ಲಿ ಅವನಿಗೆ ನೆನಪಾಯಿತು, ಇಲಿಯಲ್ಲ, ಅಣ್ಣನ ಕೈ ಅದು, ಅಣ್ಣ ಕಾರಿನ ಅಡಿ ಅಂಗಾತ ಮಲಗಿ ಪೆಟ್ರೋಲ್ ಟ್ಯಾಂಕಿನ ಹೊಟ್ಟೆಯನ್ನು ಅಂಗೈಯಿಂದ ಸವರುತ್ತಿದ್ದಾನೆ, ತೂತು ಹುಡುಕುತ್ತಿದ್ದಾನೆ, ಇಲ್ಲದ ತೂತನ್ನು — ನೀನು ಹಿಂದಿನ ಸೀಟಲ್ಲಿ ಕೂತು ಸ್ವಲ್ಪ ಕುಲುಕಿಸೋ, ಒಳಗೆ ಪೆಟ್ರೋಲ್ ಅಲ್ಲಾಡಿದ್ರೆ ಸೋರೋ ಜಾಗ ಗೊತ್ತಾಗುತ್ತೆ ಅಂದಿದ್ದ, ಅದಕ್ಕೇ ಅವನು ಆಸ್ಪತ್ರೆಯ ಹಿಂಭಾಗದಲ್ಲಿ, ಬೆಳಗಿನ ಒಂಬತ್ತು ಗಂಟೆಯ ಬಿಸಿಲಿನಲ್ಲಿ, ನಲವತ್ತೊಂದು ವರ್ಷದ ಕತ್ತೆ, ಜೋಕಾಲಿ ಸಿಕ್ಕ ಮಗುವಿನ ಹಾಗೆ ಸೀಟಿನ ಮೇಲೆ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿದ್ದಾನೆ, ಗೋಡೆಯ ಪಕ್ಕ ಬಟ್ಟೆ ಹಿಂಡುತ್ತಿರುವ ಹೆಂಗಸು ನೋಡಿ ಬಾಯಿಗೆ ಸೆರಗು ಹಿಡಿದಳು, ನಗಲಿ, ನಗದೆ ಏನು ಮಾಡುತ್ತಾಳೆ. ಸೀಟಿನ ಕವರಿನ ಮೇಲೆ, ಅವನ ಎಡಗೈ ಊರಿದ ಜಾಗದಲ್ಲೇ, ಅಗಲವಾದ ಒಂದು ಕಲೆ ಇದೆ, ಅತ್ತಿಗೆಯ ಬಾಯಿಂದ ಸುರಿದ ಜೊಲ್ಲು, ನಿನ್ನೆಯದು, ಈಗ ಒಣಗಿ ಅಂಚು ಬೆಳ್ಳಗಾಗಿದೆ, ಅವನು ಕೈ ಎತ್ತಿಕೊಂಡ, ಎತ್ತಿಕೊಂಡ ಮೇಲೆ ಎಲ್ಲಿಡಬೇಕು ಅಂತ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡ.

ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲಿನ ಮುಳ್ಳು ಅರ್ಧಕ್ಕೆ ನಿಂತಿದೆ, ಎಂಟು ವರ್ಷದಿಂದ ಅರ್ಧಕ್ಕೇ ನಿಂತಿದೆ, ತುಂಬಿದರೂ ಅರ್ಧ, ಬರಿದಾದರೂ ಅರ್ಧ, ಕೆಂಪು ದೀಪವೂ ಹತ್ತುವುದಿಲ್ಲ, ಟ್ಯಾಂಕ್ ಇಳಿಸಿ ಒಳಗಿನ ತೇಲುಗುಂಡು ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಹೇಳಿದ್ದ, ಹೇಳಿದ್ದನ್ನು ಕೇಳಿಸಿಕೊಂಡು ಇಬ್ಬರೂ ಸುಮ್ಮನಿದ್ದರು, ಯಾಕೆಂದರೆ ಅವರಿಗೆ ಸಣ್ಣ ಮೀಟರಿತ್ತು — ಮುಳ್ಳಿನ ಪಕ್ಕದ ಪುಟ್ಟ ಕಿಟಕಿ, ಅದರಲ್ಲಿ ಓಡುವ ಕಿಲೋಮೀಟರಿನ ಅಂಕಿ, ಪಕ್ಕದಲ್ಲೊಂದು ಗುಂಡಿ, ಗುಂಡಿ ಒತ್ತಿದರೆ ಅಂಕಿಗಳೆಲ್ಲ ಸೊನ್ನೆ. ಒಂದೇ ಕಾರು, ಇಬ್ಬರು ಅಣ್ಣತಮ್ಮಂದಿರು, ನಸುಕಿನಿಂದ ಮಧ್ಯಾಹ್ನದವರೆಗೆ ಬಾಡಿಗೆ ಅವನದು, ಆಮೇಲೆ ಅಣ್ಣನದು, ಯಾರು ಟ್ಯಾಂಕ್ ಪೂರ್ತಿ ತುಂಬಿಸುತ್ತಾರೋ ಅವರೇ ಗುಂಡಿ ಒತ್ತಬೇಕು, ಮುನ್ನೂರು ದಾಟುವುದರೊಳಗೆ ಮತ್ತೆ ತುಂಬಿಸಬೇಕು, ಇಷ್ಟೇ ಕರಾರು, ಬರೆದಿಟ್ಟಿದ್ದಲ್ಲ, ಮಾತೂ ಆಡಿದ್ದಲ್ಲ, ಹಾಗೇ ಬಂದದ್ದು. ತುಂಬಿಸದೆ ಒತ್ತಬಾರದು ಅಂತ ಯಾರೂ ಹೇಳಿರಲಿಲ್ಲ, ಯಾಕೆ ಹೇಳುತ್ತಾರೆ, ಅನ್ನಕ್ಕೆ ಮಣ್ಣು ಹಾಕಬೇಡ ಅಂತ ಯಾರಾದರೂ ಯಾರಿಗಾದರೂ ಹೇಳಿಕೊಡುತ್ತಾರೆಯೇ.

ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವನಿಗೆ ಜನ ಗೊತ್ತಾಗುವುದು ಅವರ ಟ್ಯಾಂಕಿನಿಂದಲೇ, ಅರ್ಧ ಇಳಿದರೆ ಎದೆ ಢವಢವ ಅನ್ನುವವರು ಒಂದು ಜಾತಿ, ಕೆಂಪು ದೀಪ ಹತ್ತಿದ ಮೇಲೆ ಬಂಕ್ ಹುಡುಕುವವರು ಇನ್ನೊಂದು, ದೀಪ ಹತ್ತಿ ನಲವತ್ತು ಕಿಲೋಮೀಟರ್ ಆದಮೇಲೂ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಬಿಟ್ಟು, ದೇವರ ಮೇಲೆ ಭಾರ ಹಾಕಿ ಹೋಗುವವರು ಮೂರನೆಯವರು, ಅಣ್ಣ ಆ ಮೂರನೆಯವರಿಗೆಲ್ಲ ಗುರು — ಮನೆಯಲ್ಲೂ ಹಾಗೇ, ಸೋಪು ಬೆರಳ ಉಗುರಿನಷ್ಟಾಗುವವರೆಗೆ ತಿಕ್ಕುತ್ತಾನೆ, ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳುತ್ತಾನೆ, ಚಪ್ಪಲಿ ಹರಿದು ಬೀಳುವವರೆಗೆ ಹೊಸದರ ಮಾತಿಲ್ಲ. ಅವನೋ ಒಂದನೆಯ ಜಾತಿ, ಬೆಂಕಿಪೊಟ್ಟಣ ಅರ್ಧವಾದರೆ ಇನ್ನೊಂದು ತಂದಿಡುವವನು. ಅತ್ತಿಗೆ ಅನ್ನುತ್ತಿದ್ದಳು, ನಿಮ್ಮಿಬ್ಬರನ್ನೂ ಒಂದು ಪಾತ್ರೆಗೆ ಹಾಕಿ ಕಲಸಿದ್ರೆ ಒಬ್ಬ ನೆಟ್ಟಗಿರೋ ಗಂಡಸು ಸಿಕ್ತಾನೆ, ಅನ್ನುತ್ತಾ ಇಬ್ಬರ ತಟ್ಟೆಗೂ ಬಡಿಸುತ್ತಿದ್ದಳು, ಮತ್ತೆ ಗಂಡನ ಕಡೆ ತಿರುಗಿ, ನೀವು ಒಂದಿನನಾದ್ರೂ ತುಂಬಿಸಿ ಕೊಡ್ರೀ, ಪಾಪ ಅವನು ನಸುಕಲ್ಲೆದ್ದು ಬಂಕಲ್ಲಿ ನಿಲ್ಬೇಕು — ಪಾಪ ಅವನು, ಅವನಿಗಾಗಿ ಪಾಪ ಅನ್ನುತ್ತಿದ್ದವಳು ಅವಳೊಬ್ಬಳೇ, ಅವನು ಒಂಬತ್ತು ವರ್ಷದವನಿದ್ದಾಗ ಆ ಮನೆಗೆ ಸೊಸೆಯಾಗಿ ಬಂದು ಮೊದಲ ದಿನವೇ ಅವನ ಅಂಗಿಯ ಗುಂಡಿ ಹೊಲಿದುಕೊಟ್ಟವಳು, ಈಗ ಮೇಲೆ ಎರಡನೇ ಮಹಡಿಯಲ್ಲಿ ಬಾಯಿ ಒಂದು ಕಡೆಗೆ ಎಳೆದುಕೊಂಡು ಮಲಗಿದ್ದಾಳೆ. ಅಣ್ಣ ಆ ಮಾತಿಗೆಲ್ಲ ನಗುತ್ತಿದ್ದ, ಮರುದಿನ ನಸುಕಿನಲ್ಲಿ ಮೀಟರ್ ನೋಡಿದರೆ ಮುನ್ನೂರ ಇಪ್ಪತ್ತು, ಮುನ್ನೂರ ನಲವತ್ತು, ಎಂಟು ವರ್ಷ, ಬಂಕಿನ ಸಾಲು, ಮುಂದಿನ ಲಾರಿಯ ಹೊಗೆ, ಅಷ್ಟರಲ್ಲಿ ತಪ್ಪಿಹೋದ ಮೊದಲ ಬಾಡಿಗೆ, ಇವೆಲ್ಲ ಅವನ ಪಾಲಿಗೆ.

ಕೆಳಗಿನಿಂದ ಅಣ್ಣನ ದನಿ, ಇನ್ನೂ ಜೋರಾಗಿ ಕುಲುಕಿಸೋ. ಅವನು ಕುಲುಕಿಸಿದ, ಟ್ಯಾಂಕಿನಲ್ಲಿ ಪೆಟ್ರೋಲ್ ಗುಳುಗುಳು ಅಂದಿತು, ತುಂಬಿದ ಟ್ಯಾಂಕಿನ ಸದ್ದೇ ಬೇರೆ, ಇವತ್ತು ಬೆಳಗ್ಗೆ ಅಣ್ಣನೇ ಹೋಗಿ ತುಂಬಿಸಿಕೊಂಡು ಬಂದಿದ್ದಾನೆ, ಜೀವಮಾನದಲ್ಲಿ ಮೊದಲ ಸಲ, ತುಂಬಿದ್ರೆ ತಾನೆ ಸೋರೋದು ಗೊತ್ತಾಗೋದು ಅಂತ. ಮೂರು ವಾರದ ಹಿಂದೆ ತಾನು ಒಬ್ಬ ಮುದುಕನನ್ನು ಕೋರ್ಟಿಗೆ ಕರೆದೊಯ್ಯುತ್ತಿದ್ದಾಗ ಅಣ್ಣನ ಈ ಬುದ್ಧಿ ಎಲ್ಲಿಗೆ ಹೋಗಿತ್ತು, ಅಣ್ಣ ಹಿಂದಿನ ದಿನ ಮುನ್ನೂರ ಅರವತ್ತಕ್ಕೆ ತಂದು ಬಿಟ್ಟಿದ್ದ, ಬಂಕ್ ಸೇರುವ ಮೊದಲೇ ಮುದುಕ ಅಡ್ಡ ಬಂದು ಕೈ ಮುಗಿದ, ಹತ್ತು ಗಂಟೆಗೆ ಕೇಸು ಕರೀತಾರಪ್ಪ ಅಂದ, ಅವನು ಕನಿಕರದಿಂದ ಹತ್ತಿಸಿಕೊಂಡ, ಮುನ್ನೂರ ಎಪ್ಪತ್ತೆರಡಕ್ಕೆ ಕಾರು ಎರಡು ಸಲ ಕೆಮ್ಮಿ ನಿಂತಿತು, ಮುದುಕ ಇಳಿದು ಕೈಯಲ್ಲಿದ್ದ ಕಾಗದದ ಕಟ್ಟನ್ನು ಎದೆಗೊತ್ತಿಕೊಂಡು, ಬಾಡಿಗೆ ಕಾರು ಇಟ್ಕೊಂಡು ಪೆಟ್ರೋಲ್ ಹಾಕ್ಸೋಕೆ ಗೊತ್ತಿಲ್ವೇನೋ ನಿಂಗೆ ಅಂತ ನಡುರಸ್ತೆಯಲ್ಲಿ ಉಗಿದ, ಮತ್ತೆ ಓಡಿದ, ಆ ವಯಸ್ಸಿನಲ್ಲಿ ಓಡಿದ. ಮಧ್ಯಾಹ್ನ ಹೇಳಿದರೆ ಅಣ್ಣ ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ನಕ್ಕ, ನನ್ನ ಕೈಲಿ ನಾನೂರು ಓಡುತ್ತೆ ಕಣೋ, ನೀನು ಸುಮ್‌ಸುಮ್ನೆ ತುಳೀತೀಯ. ಅವತ್ತೇ ತಲೆಯಲ್ಲಿ ಒಂದು ಹುಳು ಹೊಕ್ಕಿತು, ಮುನ್ನೂರ ಎಪ್ಪತ್ತೆರಡು, ಈ ಟ್ಯಾಂಕಿನ ತಳ ಎಲ್ಲಿದೆ ಅಂತ ಈಗ ತನಗೊಬ್ಬನಿಗೇ ಗೊತ್ತು, ಅಣ್ಣನೂ ಒಂದು ದಿನ ನಡುರಸ್ತೆಯಲ್ಲಿ ನಿಲ್ಲಲಿ, ಯಾರ ಕೈಲಾದರೂ ಉಗಿಸಿಕೊಳ್ಳಲಿ, ಕಾರು ತಳ್ಳಲಿ, ಬೆವರು ಒರೆಸಿಕೊಳ್ಳಲಿ, ಅಷ್ಟೇ, ಅದಕ್ಕಿಂತ ಹೆಚ್ಚು ಅವನು ಬಯಸಿರಲಿಲ್ಲ, ನಿಜವಾಗಿಯೂ ಬಯಸಿರಲಿಲ್ಲ, ಆದರೆ ಈಗ ಆ ಮಾತು ಯಾರಿಗೆ ಬೇಕು.

ನಿನ್ನೆ ನಸುಕಿನಲ್ಲಿ ಕಾರು ಕೈಗೆ ಬಂದಾಗ ಇನ್ನೂರ ಅರವತ್ತು, ಅವನು ಬಂಕಿನ ಮುಂದೆಯೇ ಹಾದುಹೋದ, ಒಳಗೆ ತಿರುಗಿಸಲಿಲ್ಲ, ಮಧ್ಯಾಹ್ನ ಅಣ್ಣನ ಮನೆ ಮುಂದೆ ನಿಲ್ಲಿಸಿದಾಗ ಮುನ್ನೂರ ನಲವತ್ತೊಂದು, ಇನ್ನು ಉಳಿದದ್ದು ಮೂವತ್ತೊಂದು ಕಿಲೋಮೀಟರ್, ಹೆಬ್ಬೆರಳು ಗುಂಡಿಯ ಮೇಲೆ ಇತ್ತು, ಒತ್ತಿದ, ಟಕ್ ಅಂತು, ಎಲ್ಲ ಸೊನ್ನೆ. ಆಮೇಲೆ ಕೈತೊಳೆದು ಊಟಕ್ಕೆ ಕೂತ — ಅದನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ, ಅತ್ತಿಗೆ ಬಡಿಸಿದ್ದನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡ, ಅವಳು ಸೌಟು ಹಿಡಿದು ನಿಂತು ಅವನ ಮುಖ ನೋಡಿ, ಇವತ್ತೇನೋ ಖುಷಿಯಾಗಿದ್ದೀಯಪ್ಪ, ಎಷ್ಟು ದಿನ ಆಯ್ತು ನಿನ್ನ ಮುಖದಲ್ಲಿ ಇಷ್ಟು ನಗು ನೋಡಿ ಅಂದಳು, ಅವಳ ಬಾಯಿಂದ ಅವನು ಕೇಳಿದ ಕೊನೆಯ ಪೂರ್ತಿ ಮಾತು ಅದು. ಎರಡು ಬೀದಿ ಆಚೆ ತನ್ನ ಮನೆಗೆ ಹೋಗಿ ಫ್ಯಾನ್ ಹಾಕಿಕೊಂಡು ಮಲಗಿದ, ನಿದ್ದೆ ಬರಲಿಲ್ಲ, ಕಾಯುತ್ತಿದ್ದ, ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಡಿದುಕೊಂಡಿತು, ಅಣ್ಣ, ಹಿಂದೆ ಹಾರ್ನುಗಳ ಗದ್ದಲ, ಕಾರು ನಿಂತ್ಬಿಟ್ಟಿದೆ ಕಣೋ, ಟ್ಯಾಂಕ್ ತುಂಬ್ಸಿದ್ದೀಯ ತಾನೆ, ಅಷ್ಟೇ ಕೇಳಿದ, ಅವನು ಹೂಂ ಅಂದ, ಹೂಂ ಅಂದದ್ದೇ ಅಣ್ಣ ಇಟ್ಟುಬಿಟ್ಟ, ಅವನು ದಿಂಬಿನ ಮೇಲೆ ಬಿದ್ದು ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ. ಹೂಂ ಅನ್ನುವ ಮೊದಲು ತಾನು ಇನ್ನೊಂದೇ ಒಂದು ಮಾತು ಕೇಳಿದ್ದರೆ, ಎಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ, ಯಾಕೆ ನಿನ್ನ ದನಿ ಹೀಗಿದೆ — ಕೇಳಲಿಲ್ಲ, ಅವನಿಗೆ ಗೊತ್ತಿತ್ತಲ್ಲ ಎಲ್ಲ, ಎಲ್ಲ ಗೊತ್ತಿರುವವನು ಏನನ್ನು ಕೇಳುತ್ತಾನೆ.

ಹಿಂದಿನ ಸೀಟಿನಲ್ಲಿ ಅತ್ತಿಗೆ ಇದ್ದಳು. ಮೂರೂವರೆಗೆ ಅಡುಗೆಮನೆಯಲ್ಲಿ ಕುಸಿದಿದ್ದಳು, ಪಕ್ಕದ ಮನೆಯವರ ಫೋನ್ ಬಂದದ್ದೇ ಅಣ್ಣ ಬಾಡಿಗೆ ಬಿಟ್ಟು ಬಂದು ಎತ್ತಿ ಮಲಗಿಸಿಕೊಂಡು ಹೊರಟಿದ್ದ, ಸೇತುವೆಯ ನಟ್ಟನಡುವೆ ಕಾರು ಕೆಮ್ಮಿತು, ಮೀಟರಿನಲ್ಲಿ ಮೂವತ್ತೊಂದು, ಮೂವತ್ತೊಂದು ಓಡಿದ ಕಾರಿನಲ್ಲಿ ಪೆಟ್ರೋಲ್ ಇಲ್ಲ ಅಂತ ಯಾವ ಡ್ರೈವರ್ ಅಂದುಕೊಳ್ಳುತ್ತಾನೆ, ಅದರ ಮೇಲೆ ತಮ್ಮ ಬೇರೆ ಹೂಂ ಅಂದಿದ್ದಾನೆ, ಹಾಗಾಗಿ ಅಣ್ಣ ಬಾನೆಟ್ ಎತ್ತಿದ, ಪ್ಲಗ್ ಬಿಚ್ಚಿದ, ಅಂಗಿಯ ಚುಂಗಿನಲ್ಲಿ ಉಜ್ಜಿದ, ಹಾಕಿದ, ವೈರ್ ಎಳೆದು ನೋಡಿದ, ಎರಡು ನಿಮಿಷ, ಇನ್ನೆರಡು ನಿಮಿಷ, ಈಗ ಸ್ಟಾರ್ಟ್ ಆಗುತ್ತೆ ಕಣೇ ಅನ್ನುತ್ತಾ ಇಪ್ಪತ್ತೈದು ನಿಮಿಷ ಕಳೆದ. ಆಂಬುಲೆನ್ಸಿಗೆ ಫೋನ್ ಮಾಡುವ ಹೊತ್ತಿಗೆ ಸೇತುವೆ ತುಂಬ ವಾಹನ, ಇವರ ಕಾರೇ ಅಡ್ಡವಾಗಿ ಆಂಬುಲೆನ್ಸ್ ಆ ತುದಿಯಲ್ಲೇ ನಿಂತು ಕೂಗುತ್ತಿತ್ತಂತೆ, ಕೊನೆಗೆ ಯಾರೋ ನಾಲ್ಕು ಜನ ಅವಳನ್ನು ಬೆಡ್‌ಶೀಟಿನಲ್ಲಿ ಹೊತ್ತುಕೊಂಡು ನಡೆದರಂತೆ. ಟ್ಯಾಂಕ್ ಬರಿದು ಅಂತ ಅಣ್ಣನಿಗೆ ಗೊತ್ತಾದದ್ದು ರಾತ್ರಿ, ಸೇತುವೆಯಿಂದ ಕಾರು ತಳ್ಳಿಸಿದ ಮೆಕ್ಯಾನಿಕ್ ಹೇಳಿದ ಮೇಲೆ. ಡಾಕ್ಟರಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ್ದು ಅಣ್ಣನಿಗೆ, ಕೇಳಿಸಿದ್ದು ಅವನಿಗೂ, ಲಕ್ವದಲ್ಲಿ ಒಂದೊಂದು ನಿಮಿಷವೂ ಲೆಕ್ಕ, ಇನ್ನೊಂದು ಅರ್ಧ ಗಂಟೆ ಮುಂಚೆ ಬಂದಿದ್ರೆ ಮಿದುಳಿಗೆ ಇಷ್ಟು ಪೆಟ್ಟು ಬೀಳ್ತಿರ್ಲಿಲ್ಲ. ಜೀವ ಉಳಿಯಿತು, ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಬರುತ್ತದೋ ಇಲ್ಲವೋ ತಿಂಗಳು ಕಳೆದರೆ ತಿಳಿಯುತ್ತದಂತೆ. ಬೆಳಗ್ಗೆ ಅವನು ಮಂಚದ ಬಳಿ ನಿಂತಾಗ ಅತ್ತಿಗೆ ಎಡಗೈ ಎತ್ತಿ ಅವನ ತೋಳು ಹಿಡಿದು ಬಾ ಬಾ ಬಾ ಅಂದಳು, ಏನು ಅತ್ತಿಗೆ, ಏನು ಬೇಕು, ನೀರಾ — ಅವಳು ತಲೆ ಅಲ್ಲಾಡಿಸಿ, ಅವನ ಅಂಗಿಯಲ್ಲಿ ಗುಂಡಿ ಹಾಕದೆ ಬಿಟ್ಟಿದ್ದ ಕಡೆ ಬೆರಳು ತೋರಿಸಿದಳು, ಅದನ್ನು ಹಾಕಿಕೋ ಅಂತ. ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತ, ಅತ್ತರೂ ಹಗುರವಾಗಲಿಲ್ಲ, ತನ್ನ ಅಳುವಿನ ಮೇಲೆ ತನಗೇ ಸಿಟ್ಟು ಬಂತು.

ಹೇಳಿಬಿಡಬೇಕು. ಈಗಲೇ, ಅಣ್ಣ ಕೆಳಗಿದ್ದಾನೆ, ಮುಖ ಕಾಣುವುದಿಲ್ಲ, ಸೀಟಿನ ಮೂಲಕವೇ ಹೇಳಿಬಿಡಬಹುದು, ಎದ್ದು ಬಾರೋ ಅಣ್ಣಾ, ತೂತಿಲ್ಲ, ನಾನು ಒತ್ತಿದ್ದೆ, ನಾಲ್ಕೇ ಮಾತು, ಆದರೆ ಬಾಯಿ ತೆರೆದರೆ ಆ ನಾಲ್ಕು ಮಾತಿನ ಹಿಂದೆಯೇ ಇನ್ನೊಂದು ಬರುತ್ತದೆ, ನೀನು ಒಂದು ದಿನ ತುಂಬಿಸಿದ್ದರೆ ನಾನು ಯಾಕೆ ಒತ್ತುತ್ತಿದ್ದೆ, ಅದು ಬರದೆ ಇರುವುದಿಲ್ಲ, ಈಗಲೂ ನಾಲಿಗೆಯ ತುದಿಯಲ್ಲೇ ಕೂತಿದೆ, ಅತ್ತಿಗೆ ಆ ಸ್ಥಿತಿಯಲ್ಲಿದ್ದರೂ ತನ್ನ ಸಿಟ್ಟು ಸತ್ತಿಲ್ಲ ಅಂತ ತಿಳಿದು ಅವನಿಗೆ ತನ್ನ ಮೇಲೆ ಭಯವಾಯಿತು. ಅಷ್ಟರಲ್ಲಿ ಪರಪರ ನಿಂತಿತು, ಅಣ್ಣ ತೆವಳಿಕೊಂಡು ಹೊರಗೆ ಬಂದ, ಬೆನ್ನ ತುಂಬ ಮಣ್ಣು, ಕೂದಲಲ್ಲಿ ಕಸ, ಒಂದೇ ರಾತ್ರಿಯಲ್ಲಿ ಕೆನ್ನೆ ಒಳಕ್ಕೆ ಹೋಗಿದೆ. ಟ್ಯಾಂಕಿನ ಅಡಿಗೆ ಹಾಸಿದ್ದ ನ್ಯೂಸ್‌ಪೇಪರ್ ಎಳೆದು ಬಿಸಿಲಿಗೆ ಹಿಡಿದು ನೋಡಿದ, ಒಂದು ಹನಿಯೂ ಇಲ್ಲ, ಅಂಗೈ ನೋಡಿಕೊಂಡ, ಮೂಗಿಗೆ ಹಿಡಿದುಕೊಂಡ, ಬಾಗಿಲಿಗೆ ಒರಗಿ ನಿಂತ.

ತೂತು ಇರ್ಲೇಬೇಕು ಕಣೋ, ಅಂದ ಅಣ್ಣ. ಇಲ್ಲ ಅಂದ್ರೆ ತಪ್ಪು ನಂದೇ ಆಗುತ್ತೆ. ಇಷ್ಟು ವರ್ಷ ಗಾಡಿ ಓಡ್ಸಿದೋನಿಗೆ ಪೆಟ್ರೋಲ್ ಮುಗಿದಿದ್ದು ಗೊತ್ತಾಗ್ಲಿಲ್ವಾ. ಅವಳು ಇಲ್ಲಿ ಮಲಗಿ ನನ್ನೇ ನೋಡ್ತಿದ್ಲು, ನಾನು ಪ್ಲಗ್ ಉಜ್ತಾ ನಿಂತಿದ್ದೆ.

ಅಣ್ಣ ಇನ್ನೊಂದು ಮಾತು ಸೇರಿಸಿದ, ಬಹಳ ಮೆಲ್ಲಗೆ, ಸೊನ್ನೆ ನೋಡಿದ್ರೆ ನಂಗೆ ಧೈರ್ಯ ಕಣೋ, ನೀನು ತುಂಬ್ಸಿದ್ದೀಯ ಅಂತ ಒಂದಿನಾನೂ ಎರಡನೇ ಸಲ ಯೋಚ್ನೆ ಮಾಡಿದೋನಲ್ಲ. ಒಂದ್ಸಲ ನೀನೂ ನೋಡೋ, ನನ್ನ ಕೈಗೆ ಸಿಗ್ತಿಲ್ಲ, ನಿನ್ನ ಕೈ ಸೂಕ್ಷ್ಮ.

ಹಾಗಾಗಿ ಅವನು ಅಂಗಾತ ಮಲಗಿ ಕಾರಿನ ಅಡಿಗೆ ಜಾರಿದ, ನೆಲ ಅಣ್ಣನ ಮೈಯಿಂದ ಇನ್ನೂ ಬೆಚ್ಚಗಿತ್ತು, ಮುಖದಿಂದ ಒಂದು ಗೇಣು ಮೇಲೆ ಟ್ಯಾಂಕಿನ ಹೊಟ್ಟೆ, ಧೂಳು ಮೆತ್ತಿದ ಕಬ್ಬಿಣ, ಅದರ ಮೇಲೆ ಅಣ್ಣನ ಐದು ಬೆರಳು ಎಳೆದ ಗೀರುಗಳು, ಮೂಲೆಮೂಲೆಗೂ, ಬೆಸುಗೆಯ ಸಂದಿಗೂ, ಒಂದು ಅಂಗುಲ ಬಿಡದೆ ಸವರಿದ್ದಾನೆ, ಎಲ್ಲಿ ನೋಡಿದರೂ ಬೆರಳು. ಅವನೂ ಅಂಗೈ ಇಟ್ಟ, ಆ ಗೀರುಗಳ ಮೇಲೆಯೇ ಸವರಿದ, ತಣ್ಣಗಿತ್ತು, ಒಣಗಿತ್ತು, ಹೊರಗೆ ಅಣ್ಣನ ಹರಿದ ಚಪ್ಪಲಿ ಕಾಣುತ್ತಿತ್ತು, ಒಂದು ಹೆಜ್ಜೆ ಹತ್ತಿರ ಬಂತು, ಸಿಕ್ತಾ ಅಂತ ಕೇಳಿದ ಅಣ್ಣ, ಅವನು ಸವರುತ್ತಲೇ ಇದ್ದ, ಸಿಕ್ತೇನೋ ಅಂತ ಮತ್ತೆ ಕೇಳಿದ, ಆ ದನಿಯಲ್ಲಿ ಇದ್ದ ಆಸೆಯನ್ನು ಅವನಿಂದ ತಡೆಯಲಾಗಲಿಲ್ಲ, ಹೂಂ ಅಂದ.

ಎಲ್ಲಿ, ಅಂದ ಅಣ್ಣ, ಇಲ್ಲೇ, ಬೆಸುಗೆ ಹತ್ರ, ಸ್ವಲ್ಪ ಒದ್ದೆ ಇದೆ ಅಂದ ಅವನು, ಹೊರಗೆ ಚಪ್ಪಲಿಗಳು ಅಲ್ಲಾಡಲಿಲ್ಲ, ಮತ್ತೆ ಅಣ್ಣ ಧಪ್ಪನೆ ನೆಲದ ಮೇಲೆ ಕೂತ, ಹಾಗಾದ್ರೆ ನಾನಲ್ಲ, ನಾನಲ್ಲ ಕಣೋ ಅನ್ನುತ್ತಾ ಅತ್ತ, ಚಿಕ್ಕ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತ, ಅಳುತ್ತಲೇ ಬಗ್ಗಿ ಕಾರಿನ ಅಡಿಗೆ ಕೈ ಚಾಚಿದ, ಎಲ್ಲಿ, ಕೈ ತೋರಿಸು, ನಾನೂ ಒಂದ್ಸಲ ಮೂಸಿ ನೋಡ್ತೀನಿ ಅಂದ — ಅವನು ತನ್ನ ಅಂಗೈಯನ್ನು ಕಣ್ಣಿನ ಮುಂದೆ ಹಿಡಿದುಕೊಂಡ, ಧೂಳು, ಬರೀ ಧೂಳು, ಒಣ ಅಂಗೈ, ಅಣ್ಣನ ಕೈ ಕಾಯುತ್ತಿದೆ, ಒಣ ಅಂಗೈ