ರೆಕ್ಕೆಯ ಹಿಂದೆ ನಿಲ್ಲು

ಕ್ಲಿಫರ್ಡ್ ಹೋಲ್‌ರಾಯ್ಡನ ಬೆರಳುಗಳಿಗೆ ಆ ಭಾನುವಾರ ನೆಮ್ಮದಿಯೇ ಇರಲಿಲ್ಲ. ಚಹಾದ ಲೋಟ ಹಿಡಿದರೆ ಅದರ ಮೇಲೆ ಕುಣಿದವು, ಬಸ್ಸಿನ ಸೀಟು ಸಿಕ್ಕರೆ ಅದರ ಮೇಲೂ ಕುಣಿದವು. ಬರುವ ಶನಿವಾರ ಬ್ಯಾಂಡ್ ಸ್ಪರ್ಧೆ. ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಕೂತು ಕಾರ್ನೆಟ್ ತುತ್ತೂರಿ ಊದಿದವನು ಮೊದಲ ಬಾರಿ ಒಬ್ಬನೇ ಎದ್ದು ನಿಂತು ನುಡಿಸಬೇಕಿತ್ತು. ಮನೆಯಲ್ಲಿ ಅದೇ ರಾಗ ಊದಿ ಊದಿ ಹೆಂಡತಿ ಜಾಯ್ಸ್‌ಳ ತಲೆ ಚಿಟ್ಟುಹಿಡಿಸಿದ್ದ. "ಹೋಗಿ, ನಿಮ್ಮ ವಿಮಾನನಾದ್ರೂ ಹಾರಿಸ್ಕೊಂಡು ಬನ್ನಿ," ಎಂದು ಅವಳೇ ಕೊರಳಿಗೆ ಮಫ್ಲರ್ ಸುತ್ತಿ ಹೊರಗಟ್ಟಿದ್ದಳು.

ಹ್ಯಾಲಿಫ್ಯಾಕ್ಸ್ ಊರಿನ ಮೇಲಿನ ಗುಡ್ಡದಲ್ಲಿ ಆಟದ ವಿಮಾನ ಹಾರಿಸುವ ಕ್ಲಬ್ಬಿನವರು ಕುರಿಗಳನ್ನು ಆಚೆ ಅಟ್ಟಿ ಜಾಗ ಮಾಡಿಕೊಂಡಿದ್ದರು. ಇವತ್ತು ಕ್ಲಿಫರ್ಡ್ ಯಾರ ಆಸರೆಯೂ ಇಲ್ಲದೆ ಹಾರಿಸಬಹುದೋ ಬಾರದೋ ಎಂದು ಹೇಳಬೇಕಾದವಳು ಎನಿಡ್. ಶಾಲೆಯೊಂದರ ಅಡುಗೆಮನೆಯನ್ನು ಆಳಿ ನಿವೃತ್ತಳಾದವಳು, ಈಗ ಹೊಸಬರಿಗೆ ಕಲಿಸುವವಳು. ಅವಳು ಆಟದ ವಿಮಾನದ ಹಿಂದೆ ಮಂಡಿಯೂರಿ ಅದರ ಬಾಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಎಂಜಿನ್ನಿನ ಪ್ಲಗ್ಗಿಗೆ ಬ್ಯಾಟರಿಯ ಕ್ಲಿಪ್ಪು ಸಿಕ್ಕಿಸಿ ಕ್ಲಿಫರ್ಡ್ ಜೇಬಿನಿಂದ ರಬ್ಬರು ಹೊದಿಸಿದ ಕೋಲು ತೆಗೆದ. ಎಂಜಿನ್ ಹತ್ತಿಸಲು ಮೂತಿಯ ಪ್ರೊಪೆಲ್ಲರನ್ನು ಅದರಿಂದ ತಿರುಗಿಸಿದರೆ ಬೆರಳಿಗೆ ಅಪಾಯವಿಲ್ಲ. ಆದರೆ ಹಳಬರು ಅದನ್ನು ಪುಕ್ಕಲು ಕೋಲು ಎಂದೇ ಕರೆಯುತ್ತಿದ್ದರು. ಬರಿಗೈಯಲ್ಲಿ ತಿರುಗಿಸುವವನೇ ಗಂಡಸು. ಆ ಗಂಡಸರಲ್ಲಿ ಅರ್ಧ ಮಂದಿಯ ಉಗುರು ಕಪ್ಪುಗಟ್ಟಿತ್ತು ಎನ್ನುವುದು ಬೇರೆ ಮಾತು.

"ಓಹೋ, ಕೋಲು ಬಂತಪ್ಪಾ," ಮಡಚುಕುರ್ಚಿಯಲ್ಲಿ ಚಹಾ ಹೀರುತ್ತ ಕೂತಿದ್ದ ಹೆರಾಲ್ಡ್ ಕೂಗಿದ. ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಳಬ ಅವನು. "ಹೆಲ್ಮೆಟ್ಟೂ ತರ್ಬೇಕಿತ್ತು ಕಣೋ ಕ್ಲಿಫ್."

"ಅವನಿಗೆ ಬೇರೆ ಕೆಲಸ ಇಲ್ಲ. ನೀನು ಕೋಲಲ್ಲೇ ಹೊಡಿ," ಎಂದಳು ಎನಿಡ್.

ಹೊಡೆದ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಹೊಡೆದ, ಮತ್ತೆ ಕೆಮ್ಮು. ಹೆರಾಲ್ಡ್ ನಕ್ಕ. ಅಷ್ಟೇ ಸಾಕಾಯಿತು. ಕ್ಲಿಫರ್ಡ್ ಕೋಲನ್ನು ಜೇಬಿಗೆ ತುರುಕಿ ಬೆರಳನ್ನೇ ಇಟ್ಟು ಜೋರಾಗಿ ತಿರುಗಿಸಿದ. ಎಂಜಿನ್ ಹತ್ತಿಕೊಂಡಿತು.

ಇನ್ನು ಪ್ಲಗ್ಗಿನ ಕ್ಲಿಪ್ಪು ತೆಗೆಯಬೇಕು. ಮುಂದಿನಿಂದ ಕೈಹಾಕಬಾರದು, ರೆಕ್ಕೆಯನ್ನು ಬಳಸಿ ಹಿಂದಕ್ಕೆ ಬಂದು ತೆಗೆಯಬೇಕು ಎಂದು ಎನಿಡ್ ಎಷ್ಟು ಸಲ ಹೇಳಿಲ್ಲ? ಆದರೆ ಇವನಿಗೆ ಎಲ್ಲಿ ಎಂಜಿನ್ ನಿಂತುಬಿಡುವುದೋ ಎಂಬ ತಳಮಳ. ನಿಂತಲ್ಲೇ ಬಗ್ಗಿ, ತಿರುಗುವ ಪ್ರೊಪೆಲ್ಲರಿನ ಮೇಲಿಂದ ಬಲಗೈ ಚಾಚಿದ. ಎನಿಡ್ ಕೂಗಿದ್ದು ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಮಫ್ಲರಿನ ತುದಿ ಕೊರಳಿಂದ ಜಾರಿ ಕೆಳಗೆ ಜೋತುಬಿತ್ತು.

ಎನಿಡ್ ಇಡೀ ವಿಮಾನವನ್ನೇ ತನ್ನತ್ತ ಎಳೆದುಕೊಂಡಳು. ಪಟಪಟ ಸದ್ದಾಯಿತು. ಅವಳು ಇಂಧನದ ಕೊಳವೆಯನ್ನು ಹಿಂದಿನಿಂದ ಚಿವುಟಿ ಹಿಡಿದಳು. ಎಂಜಿನ್ ನಿಂತಿತು.

"ಯಾಕ್ರೀ ನಿಲ್ಸಿದ್ರಿ? ಈಗಷ್ಟೇ ಹತ್ಕೊಂಡಿತ್ತು," ಕ್ಲಿಫರ್ಡನಿಗೆ ಸಿಟ್ಟು ನೆತ್ತಿಗೇರಿತ್ತು.

ಅವಳು ಹುಲ್ಲಿನ ಮೇಲೆ ಚೆದುರಿದ್ದ ಮಫ್ಲರಿನ ಉಣ್ಣೆಯ ಚೂರುಗಳನ್ನು ಆಯ್ದು ಅವನ ಬಲ ಅಂಗೈಗೆ ಹಾಕಿದಳು. ಅವಳ ಕೈ ನಡುಗುತ್ತಿತ್ತು.

"ಇದು ನಿನ್ನ ಬೆರಳಾಗ್ತಿತ್ತು ಕಣಯ್ಯಾ. ಶನಿವಾರ ಕಾರ್ನೆಟ್ಟನ್ನ ಮೂಗಲ್ಲಿ ಒತ್ತಿ ನುಡಿಸ್ತಿದ್ಯಾ?"

ಕ್ಲಿಫರ್ಡ್ ಕಾರ್ನೆಟ್ಟಿನ ಗುಂಡಿ ಒತ್ತುವ ತನ್ನ ಮೂರು ಬೆರಳುಗಳನ್ನು ನೋಡಿಕೊಂಡ. ಜಾಯ್ಸ್‌ಗೆ ಏನೆಂದು ಹೇಳುತ್ತಿದ್ದೆ ಎಂದು ನೆನೆದು ಹುಲ್ಲಿನ ಮೇಲೆ ಕೂತೇಬಿಟ್ಟ.

"ಇವತ್ತು ಹಾರಾಟ ಇಲ್ಲ," ಎಂದಳು ಎನಿಡ್.

"ಬೇಡ. ಆದ್ರೆ ಶುರು ಮಾಡೋದನ್ನ ಮತ್ತೆ ಕಲೀತೀನಿ. ಈಗ್ಲೇ." ಅವನು ಮಫ್ಲರ್ ಬಿಚ್ಚಿ ಪಕ್ಕಕ್ಕಿಟ್ಟು ಕೋಲನ್ನು ಹೊರತೆಗೆದ.

"ಏನೋ, ಹೆದ್ರಿಬಿಟ್ಯಾ?" ಹೆರಾಲ್ಡ್ ಕೇಳಿದ.

"ಹೂಂ. ತುಂಬಾ ಹೆದ್ರಿದೀನಿ," ಎಂದ ಕ್ಲಿಫರ್ಡ್, ಎಲ್ಲರಿಗೂ ಕೇಳುವಂತೆ. "ಎನಿಡ್ ಕೈ ಇನ್ನೂ ನಡುಗ್ತಿದೆ. ನೀನು ಬಂದು ಬಾಲ ಹಿಡ್ಕೋ."

ಮೈದಾನದಲ್ಲಿ ಯಾರೂ ನಗಲಿಲ್ಲ. ಹೆರಾಲ್ಡ್ ಲೋಟ ಕೆಳಗಿಟ್ಟು ಎದ್ದು ಬಂದ, ಮಂಡಿಯ ನೋವಿಗೆ ನರಳುತ್ತಲೇ ವಿಮಾನದ ಹಿಂದೆ ಕೂತ.

"ಹಿಡ್ಕೊಂಡಿದೀನಿ," ಎಂದ. "ನಿಧಾನ ಮಾಡು ಮಾರಾಯ."