ಎಲ್ಲ ಗುಣಗಳಿಗೂ ಅಡ್ಡಗಾಲು

ಹಿಂದೆ ಕೋಟೆಯ ಬಾಗಿಲು ಕಾಯಲು ಸೈನ್ಯವೇ ಬೇಕಾಗುತ್ತಿತ್ತಂತೆ. ನಮ್ಮ ಕಾಲೇಜಿನಲ್ಲಿ ತರ್ಕಶಾಸ್ತ್ರದ ಹೆಬ್ಬಾಗಿಲನ್ನು ಒಂದೇ ಒಂದು ತೋರುಬೆರಳು ಕಾಯುತ್ತಿತ್ತು. ಯಾರ ಬಾಯಿಂದಾದರೂ ‘ಎಲ್ಲ ಗುಣಗಳೂ’ ಎಂಬ ಮಾತು ಹೊರಟಿತೋ, ತರ್ಕದ ಮೇಷ್ಟ್ರ ಬೆರಳು ಮೇಲೇಳುತ್ತಿತ್ತು. ಅದಕ್ಕೆ ಹೆದರಿ ಬೀಳ್ಕೊಡುಗೆಯ ಭಾಷಣಗಳು ಅರ್ಧಕ್ಕೇ ನಿಂತಿವೆ. ಅವರ ಸ್ವಂತ ತಂಗಿಯ ಮದುವೆ ಮಾತುಕತೆ ವರನ ಎಲ್ಲ ಗುಣಗಳ ಹತ್ತಿರ ಬಂದು ಮುರಿದುಬಿದ್ದಿದೆ.

ಅವರ ವಾದ ಇಷ್ಟೆ: ‘ಎಲ್ಲ ಕುರ್ಚಿಗಳೂ’ ಎನ್ನಿ, ತಕರಾರಿಲ್ಲ, ಕುರ್ಚಿಗಳಿವೆ, ಕೂರಬಹುದು. ‘ಕುರ್ಚಿಯ ಎಲ್ಲ ಗುಣಗಳೂ’ ಎಂದಿರೋ, ಆ ಗುಣಗಳ ಮಂದೆ ಎಲ್ಲಿ ಮೇಯುತ್ತಿದೆ, ತೋರಿಸಿ. ತೋರಿಸಲಾಗದೆ ಗಣಿತದ ಮನೆಯಿಂದ ಗಣಗಳನ್ನು, ಅಂದರೆ ಸೆಟ್ಟುಗಳನ್ನು, ಕಡ ತಂದು, ತರ್ಕದ ಅಂಗಿ ತೊಡಿಸಿ, ವಸ್ತುಗಳ ಜೊತೆ ಗುಣಗಳನ್ನೂ ಲೆಕ್ಕಕ್ಕೆ ಹಿಡಿಯುವ ‘ಎರಡನೇ ಶ್ರೇಣಿಯ ತರ್ಕ’ ಎಂದು ಹೆಸರಿಡುತ್ತೀರಿ. ಇದನ್ನವರು ಮೊಣಕೈ ಸವೆದ ಕಂದು ಕೋಟಿನ ಗುಂಡಿ ತಿರುವುತ್ತಾ, ಸ್ಟಾಫ್ ರೂಮಿನಲ್ಲಿ ನಾನು ಊಟದ ಡಬ್ಬಿ ತೆರೆಯುವ ಹೊತ್ತಿಗೇ ಸರಿಯಾಗಿ ಶುರುಮಾಡುತ್ತಿದ್ದರು.

ಅವರಿಗೆ ಎದುರಾಡುತ್ತಿದ್ದವರು ಒಬ್ಬರೇ: ಅದೇ ವಿಭಾಗದ ಹಂಗಾಮಿ ಉಪನ್ಯಾಸಕಿ, ಅವರ ಹಳೆಯ ಶಿಷ್ಯೆ.

“ಸಾರ್, ಗುಣಗಳ ಮಾತು ಬಿಟ್ರೆ ‘ಈ ಸಾಲು ಎಲ್ಲೋ ಒಂದು ಕಡೆ ಮುಗಿಯುತ್ತೆ’ ಅಂತ ಹೇಳೋಕೂ ನಿಮ್ಮ ತರ್ಕಕ್ಕೆ ಆಗಲ್ಲ. ಅದಕ್ಕೇ ನಿಮ್ಮ ಮಾತು ಮುಗಿಯೋದೇ ಇಲ್ಲ.”

“ಮುಗಿಸೋದು ಗಣಿತದೋರ ಕೆಲಸಮ್ಮ,” ಎಂದು ಅವರು ಮತ್ತೆ ಮೊದಲಿನಿಂದ ಹೊರಡುತ್ತಿದ್ದರು. ನನ್ನ ಊಟ ಆರುತ್ತಿತ್ತು.

ಆಕೆಯ ನೌಕರಿ ಕಾಯಂ ಮಾಡುವ ಸಭೆ ಬಂತು. ಅಲ್ಲಿ ತಪ್ಪಿದರೆ ಕೆಲಸವೇ ಹೋಗುತ್ತಿತ್ತು. ಸಮಿತಿಯಲ್ಲಿ ಪ್ರಿನ್ಸಿಪಾಲರು, ಮೇಷ್ಟ್ರು, ಸಾಹಿತ್ಯದ ಪಾಲಿಗೆ ನಾನು. ಆಕೆ ಎದುರಿಗೇ ಕೂತಿದ್ದರು.

“ಮೇಷ್ಟ್ರೇ, ಒಳ್ಳೆ ಟೀಚರ್‌ಗೆ ಬೇಕಾದ ಎಲ್ಲ ಗುಣಗಳೂ ಇವರಿಗಿವೆ ತಾನೇ?” ಪ್ರಿನ್ಸಿಪಾಲರು ಕೇಳಿದರು.

ಬೆರಳು ಎದ್ದಿತು.

“ಹಾಗನ್ನೋಕಾಗಲ್ಲ.”

ನಾನು ಮೇಜಿನಡಿಯಲ್ಲಿ ಮೇಷ್ಟ್ರ ಕಾಲು ತುಳಿದೆ. “ಹೂಂ ಅಂದ್ಬಿಡ್ರೀ!”

“ಯಾಕ್ರೀ ತುಳೀತೀರಿ?” ಎಂದು ಅವರು ಗಟ್ಟಿಯಾಗಿಯೇ ಕೇಳಿದರು.

ಈ ಬಗೆಯ ಜನವೇ ಹೀಗೆ. ಮುಳುಗುವವರಿಗೆ ಹಗ್ಗ ಎಸೆಯುವ ಮುನ್ನ ‘ಹಗ್ಗ’ ಎಂಬ ಮಾತಿನ ಯೋಗ್ಯತೆಯನ್ನು ವಿಚಾರಿಸುತ್ತಾರೆ. ಒಂದು ಸಣ್ಣ ಸುಳ್ಳಿನಿಂದ ಹತ್ತು ಜನಕ್ಕೆ ನೆಮ್ಮದಿಯಾಗುವ ಹೊತ್ತಿನಲ್ಲಿ ಇವರಿಗೆ ಸತ್ಯದ ನೆನಪಾಗುತ್ತದೆ. ಇವರಿಗೆ ಕೈಮುಗಿಯಬೇಕೋ ಕತ್ತು ಹಿಸುಕಬೇಕೋ, ನನಗಿನ್ನೂ ಬಗೆಹರಿದಿಲ್ಲ.

ಪ್ರಿನ್ಸಿಪಾಲರು ನಿಟ್ಟುಸಿರಿಟ್ಟರು. “ಹಾಗಾದ್ರೆ ಬೇಡ ಅಂತ ಬರೀಲಾ?”

“ಬೇಡ ಅಂದೋರು ಯಾರು? ಇವರ ಕ್ಲಾಸಲ್ಲಿ ನಾನು ಕೂತು ನೋಡಿದೀನಿ. ನಿದ್ದೆ ಬರಲಿಲ್ಲ. ನನ್ನ ಕ್ಲಾಸಲ್ಲಿ ನನಗೇ ಬರುತ್ತೆ. ಬೇಗ ಸೈನ್ ಹಾಕಿ.”